ಕಿರ್ದಿ, ಖತಾವಣಿ, ಪದವಿ: ಕರ್ನಾಟಕದ ವಾಣಿಜ್ಯ ಶಿಕ್ಷಣ ವಿದ್ಯಾರ್ಥಿಗೆ ಕೊಡುವುದೇನು?

ಬಿ.ಕಾಂ. ಅಥವಾ ಬಿಬಿಎಗೆ ಮಕ್ಕಳನ್ನು ಸೇರಿಸಲು ಬರುವ ಹೆತ್ತವರು ಮೊದಲು ಕೇಳುವುದು, ಮುಂದೆ ಏನು ಕೆಲಸ ಸಿಗುತ್ತದೆ ಎಂದು. ಸಾಲ ಮಾಡಿ ಶುಲ್ಕ ಕಟ್ಟುವವರು ಅದನ್ನು ಕೇಳದೆ ಇರಲಾರರು. ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಈ ಲೇಖನ ಎತ್ತಿಕೊಂಡಿದೆ: ಮೂರು ವರ್ಷ ಕಳೆದಾಗ ವಿದ್ಯಾರ್ಥಿಯ ಕೈಯಲ್ಲಿ ಉಳಿಯುವ ವಿದ್ಯೆ ಯಾವುದು? ಈ ಪದವಿಯ ತಿರುಳು ಲೆಕ್ಕವನ್ನು ಓದುವ ವಿದ್ಯೆ ಎಂಬುದು ನನ್ನ ವಾದ. ಆ ವಿದ್ಯೆಗೆ ಕನ್ನಡದಲ್ಲಿ ಬಲು ಹಳೆಯ ನುಡಿಯೊಂದಿದೆ, ನಮ್ಮ ಪಠ್ಯಕ್ರಮ ಮಾತ್ರ ಅದನ್ನು ಹೊಸ್ತಿಲಾಚೆ ನಿಲ್ಲಿಸಿಯೇ ಬೆಳೆದಿದೆ.

ಐಹೊಳೆಯನ್ನು ಮೂಲನೆಲೆಯಾಗಿ ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿದ್ದಕ್ಕೆ ಶಾಸನಗಳೇ ಸಾಕ್ಷಿ. ಲೆಕ್ಕ ಬರೆಯಲು ಇಲ್ಲಿ ಕಡತವಿತ್ತು. ಹುಣಸೆ ಬೀಜದ ಸರಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುವ ಕಪ್ಪು ಪುಸ್ತಕ ಅದು. ಶೃಂಗೇರಿ ಮಠದಲ್ಲಿ ಉಳಿದಿರುವ ಕಡತಗಳು ಇಂದು ಚರಿತ್ರೆಕಾರರಿಗೆ ಆಕರ. ಕಿರ್ದಿ (ದಿನವಹಿ), ಖತಾವಣಿ (ಖಾತೆಪುಸ್ತಕ), ಜಮೆ, ಉದ್ರಿ, ತಾಳೆಪಟ್ಟಿ, ಅಢಾವೆ (ಆಸ್ತಿ-ಹೊಣೆಗಳ ಪಟ್ಟಿ) ಎಂಬ ಮಾತುಗಳು ಕಾಲೇಜುಗಳು ಹುಟ್ಟುವುದಕ್ಕೆ ಮುಂಚೆಯೇ ಅಂಗಡಿಯ ಗದ್ದುಗೆಯ ಮೇಲೆ ಕುಳಿತಿದ್ದವು.

ಭಾರತದ ಮೊದಲ ವಾಣಿಜ್ಯ ಕಾಲೇಜು, ಮುಂಬಯಿಯ ಸಿಡೆನ್‌ಹ್ಯಾಮ್, ಆರಂಭವಾದದ್ದು 1913ರಲ್ಲಿ. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಬ್ಯಾಂಕ್ ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಮೈಸೂರು ವಾಣಿಜ್ಯ ಮಂಡಳಿಯೂ ಬಂದವು. ಕರಾವಳಿಯಲ್ಲಿ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಷ್ಟು ಹಿಂದೆಯೇ ಕಣ್ಣು ತೆರೆದಿದ್ದವು. ಅಂದರೆ ಇಲ್ಲಿ ಬ್ಯಾಂಕು ಕಟ್ಟಿದ ಮೊದಲ ತಲೆಮಾರು ವಾಣಿಜ್ಯ ಪದವಿಗಾಗಿ ಕಾದು ಕುಳಿತಿರಲಿಲ್ಲ. ಈ ಕಾಲಕ್ರಮವನ್ನು ಮರೆತರೆ, ಪದವಿಯೇ ವ್ಯವಹಾರಜ್ಞಾನದ ಮೂಲವೆಂಬ ಭ್ರಮೆ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಚರ್ಚೆಯೆಲ್ಲ ಪದವಿಯ ಚೌಕಟ್ಟಿನ ಸುತ್ತಲೇ ತಿರುಗಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಮಾದರಿ ಬಂತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಅದೇ ವರ್ಷ ಬಿಬಿಎ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆಯ ವ್ಯಾಪ್ತಿಗೆ ಸೇರಿತು, ಬಿ.ಕಾಂ. ಸೇರಲಿಲ್ಲ. ಒಂದೇ ಕಾಲೇಜಿನ ಅಕ್ಕಪಕ್ಕದ ಕೊಠಡಿಗಳಿಗೆ ಈಗ ಎರಡು ಬಗೆಯ ನಿಯಂತ್ರಣ. ಪಠ್ಯವನ್ನು ಇಟ್ಟು ನೋಡಿದರೆ ಎರಡೂ ಪದವಿಗಳ ನಡುವಿನ ಅಂತರ ಅಷ್ಟು ದೊಡ್ಡದಲ್ಲ. ಬಿ.ಕಾಂ. ಲೆಕ್ಕಶಾಸ್ತ್ರ, ತೆರಿಗೆ, ಲೆಕ್ಕಪರಿಶೋಧನೆಗಳ ಕಡೆ ವಾಲುತ್ತದೆ. ಬಿಬಿಎ ಮಾರುಕಟ್ಟೆ, ಸಿಬ್ಬಂದಿ ನಿರ್ವಹಣೆ, ಸಂಘಟನೆಗಳ ಕಡೆ. ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವ ವಾಣಿಜ್ಯ ಪದವೀಧರರು ಶೇ. 55 ಅಂಕ ಗಳಿಸಿದ್ದರೆ ಫೌಂಡೇಷನ್ ಪರೀಕ್ಷೆ ಬರೆಯದೆ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಇದು ಈ ಓದಿನ ನೇರ ಪ್ರಯೋಜನಗಳಲ್ಲೊಂದು.

ಆದರೆ ಪದವಿಯ ನಿಜವಾದ ಬೆಲೆ ತಿಳಿಯಬೇಕಾದರೆ ಸವಕಳಿಯಂಥ ಒಂದು ಚಿಕ್ಕ ಪಾಠದ ಬಳಿ ನಿಲ್ಲಬೇಕು. ಆಟೋ ಓಡಿಸುವ ಒಬ್ಬ ತಂದೆ ಮೂರು ಲಕ್ಷ ಕೊಟ್ಟು ವಾಹನ ಕೊಂಡಿದ್ದಾನೆ ಎನ್ನೋಣ. ಆರು ವರ್ಷ ಓಡಿಸಿದ ಮೇಲೆ ಅದು 60,000ಕ್ಕೆ ಮಾರಾಟವಾದೀತು. ಉಳಿದ 2,40,000 ರೂಪಾಯಿ ಆರು ವರ್ಷಗಳಲ್ಲಿ ಸವೆದುಹೋಗುತ್ತದೆ. ವರ್ಷಕ್ಕೆ 40,000, ಮುನ್ನೂರು ದಿನದ ದುಡಿಮೆಯಲ್ಲಿ ದಿನಕ್ಕೆ ಸುಮಾರು 133. ಸಂಜೆ ಗ್ಯಾಸಿನ ಖರ್ಚು ಕಳೆದು ಜೇಬಿನಲ್ಲಿ ಉಳಿದದ್ದೆಲ್ಲ ಸಂಪಾದನೆಯೆಂದು ಅವನು ಎಣಿಸುತ್ತಾನೆ. ಅದರಲ್ಲಿ 133 ರೂಪಾಯಿ ಅವನ ಬಂಡವಾಳವೇ, ನೋಟಿನ ರೂಪದಲ್ಲಿ ಹಿಂದಕ್ಕೆ ಬಂದದ್ದು. ಅದನ್ನು ಊಟಕ್ಕೆ, ಶುಲ್ಕಕ್ಕೆ ಖರ್ಚು ಮಾಡಿದರೆ ಆರನೆಯ ವರ್ಷದ ಕೊನೆಗೆ ಹೊಸ ಆಟೋದ ಬೆಲೆಯ ಬಹುಪಾಲಿಗೆ ಸಾಲವೇ ಗತಿ. ಅವನ ಮಗಳು ಮೊದಲ ಸೆಮಿಸ್ಟರಿನಲ್ಲಿ ಸರಳರೇಖಾ ಪದ್ಧತಿಯ ಸವಕಳಿ ಕಲಿಯುತ್ತಾಳೆ, ಯಂತ್ರದ ಖಾತೆ ಬರೆಯುತ್ತಾಳೆ, ಅಂಕವನ್ನೂ ಪಡೆಯುತ್ತಾಳೆ. ಆ ಲೆಕ್ಕ ತನ್ನ ಮನೆಯಂಗಳದಲ್ಲಿ ನಿಂತಿರುವ ವಾಹನದ್ದೇ ಎಂದು ಅವಳಿಗೆ ಹೊಳೆದ ಗಳಿಗೆಯಲ್ಲಿ ಈ ಪದವಿ ತನ್ನ ಕೆಲಸ ಮಾಡಿದಂತೆ. ಬಹುಪಾಲು ತರಗತಿಗಳಲ್ಲಿ ಆ ಗಳಿಗೆ ಬರುವುದಿಲ್ಲ. ಇದು ನನ್ನನ್ನು ಬಹಳ ನೋಯಿಸುವ ಸಂಗತಿ.

ಬಿಡಿಬಿಡಿಯಾಗಿ ಕಲಿಸುವ ಪತ್ರಿಕೆಗಳನ್ನು ಒಂದೇ ದಾರಕ್ಕೆ ಪೋಣಿಸಬಲ್ಲ ಉದಾಹರಣೆಗಳು ದೂರದಲ್ಲಿಲ್ಲ. ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಹಿನ್ನೆಲೆಯಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕರ್ನಾಟಕ, ಕೇರಳಗಳ ಬೆಳೆಗಾರರ ಈ ಸಹಕಾರಿ ಮುಂದೆ ಕೋಕೊ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಧಾರಣೆ ಏಕೆ ಕುಸಿಯಿತು ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಗೋದಾಮಿನಲ್ಲಿ ಉಳಿದ ದಾಸ್ತಾನಿಗೆ ಯಾವ ಬೆಲೆ ಕಟ್ಟಬೇಕು ಎಂಬುದು ಲೆಕ್ಕಶಾಸ್ತ್ರದ್ದು. ಎರಡು ರಾಜ್ಯಗಳ ಸದಸ್ಯರಿರುವ ಸಂಸ್ಥೆ ಯಾವ ಕಾಯಿದೆಯಡಿ ನಡೆಯಬೇಕು, ಕೋಕೊ ಬೀಜ ಕೊಳ್ಳುವವನು ಚಾಕೊಲೇಟ್ ಮಾರಲು ಏಕೆ ಹೊರಟ ಎಂದು ಕೇಳುತ್ತ ಹೋದರೆ ಕಾನೂನು, ವೆಚ್ಚಲೆಕ್ಕ, ಮಾರುಕಟ್ಟೆ ಎಲ್ಲವೂ ಒಂದೇ ಕಥೆಯೊಳಗೆ ಬಂದು ಸೇರುತ್ತವೆ. ವಿದೇಶಿ ಕಂಪನಿಗಳ ಪ್ರಸಂಗಗಳನ್ನು ಬಾಯಿಪಾಠ ಮಾಡುವ ಹಳ್ಳಿಯ ವಿದ್ಯಾರ್ಥಿಗೆ ಈ ಕಥೆಯ ಬೆಳೆಯೂ ಗೊತ್ತು, ಮಂಡಿಯೂ ಗೊತ್ತು.

ತೊಡಕು ಇರುವುದು ನುಡಿಯಲ್ಲಿ. ಪಿಯುಸಿವರೆಗೆ ಕನ್ನಡದಲ್ಲಿ ಓದಿದವರು ಪದವಿಯಲ್ಲಿ ಏಕಾಏಕಿ ಇಂಗ್ಲಿಷ್ ವ್ಯಾಖ್ಯೆಗಳ ಎದುರು ನಿಲ್ಲುತ್ತಾರೆ. ಎಪಿಎಂಸಿಯ ಅಡತಿ, ದಲಾಲಿ, ಹಮಾಲಿಗಳನ್ನು ಬಾಲ್ಯದಿಂದ ಕೇಳಿದವರಿಗೆ ಕಮಿಷನ್ ಏಜೆಂಟನ ಖಾತೆ ಅಪರಿಚಿತವೆನಿಸಬೇಕಾದ ಕಾರಣವೇ ಇಲ್ಲ. ಇಂಗ್ಲಿಷ್ ಬೇಡವೆಂಬುದು ನನ್ನ ನಿಲುವಲ್ಲ. ನೌಕರಿಗೆ ಅದು ಬೇಕು. ಪರಿಕಲ್ಪನೆ ಮೊದಲು ತನ್ನ ಮಾತಿನಲ್ಲಿ ನೆಲೆಯೂರಿದರೆ ಇಂಗ್ಲಿಷ್ ಪದ ಅದರ ಮೇಲೆ ಸುಲಭವಾಗಿ ಕೂರುತ್ತದೆ.

ಖತಾವಣಿಗೆ ಎತ್ತಿ ಬರೆಯುವ ಶ್ರಮವನ್ನು ಈಗ ಗಣಕ ವಹಿಸಿಕೊಂಡಿದೆ. 1986ರಲ್ಲಿ ಗೋಯೆಂಕಾ ತಂದೆ-ಮಗ ಬೆಂಗಳೂರಿನಲ್ಲಿ ಆರಂಭಿಸಿದ ಉದ್ಯಮದಿಂದ ಬಂದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಇಂದು ಸಣ್ಣ ಊರಿನ ಅಂಗಡಿಯಲ್ಲೂ ಇದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಅದರ ಅಗತ್ಯ ಇನ್ನೂ ಹೆಚ್ಚಿತು. ಯಾವ ಗುಂಡಿ ಒತ್ತಬೇಕೆಂದು ಕಲಿಯಲು ಕೆಲವೇ ವಾರ ಸಾಕು. ಗುಂಡಿ ಒತ್ತಿದ ಮೇಲೆ ಬಂದ ಅಂಕಿ ತಪ್ಪಿದ್ದರೆ ಅದನ್ನು ಗುರುತಿಸಲು ಮೂರು ವರ್ಷದ ಓದು ಬೇಕು, ಆ ಓದಿಗಾಗಿಯೇ ಪದವಿ ಇರುವುದು.

ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ವಾರ್ಷಿಕ ಮಹಾಸಭೆಗೆ ಮುನ್ನ ಸದಸ್ಯರಿಗೆ ಕನ್ನಡದಲ್ಲೇ ವರದಿ ಹಂಚುತ್ತವೆ. ಜಮಾ-ಖರ್ಚು ತಃಖ್ತೆ, ಲಾಭ-ನಷ್ಟದ ಲೆಕ್ಕ, ಅಢಾವೆ ಪತ್ರಿಕೆ ಎಲ್ಲವೂ ಅದರಲ್ಲಿರುತ್ತವೆ. ವಿಶ್ವವಿದ್ಯಾನಿಲಯಗಳ ವಾಣಿಜ್ಯ ಅಧ್ಯಯನ ಮಂಡಳಿಗಳಲ್ಲಿ ನನ್ನ ಕೋರಿಕೆ ಒಂದೇ: ಮೊದಲ ಸೆಮಿಸ್ಟರಿನ ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಸಂಘದ ಅಂಥ ಒಂದು ವರದಿಯನ್ನು ತಂದು, ಸಾಲುಸಾಲಾಗಿ ಓದಿ, ಅದರ ಬಗ್ಗೆ ಬರೆಯುವುದನ್ನು ಆಂತರಿಕ ಮೌಲ್ಯಮಾಪನದ ಭಾಗವಾಗಿಸಿ. ಅದಕ್ಕೆ ಹೊಸ ಪಠ್ಯಪುಸ್ತಕ ಬೇಕಿಲ್ಲ, ಹೆಚ್ಚಿನ ಅನುದಾನವೂ ಬೇಕಿಲ್ಲ.