ಬಾಯೊಳಗಿನ ಬಿಡಾರ

ಎಂಜಲು ಎಂಬ ಒಂದೇ ಮಾತಿನಿಂದ ನಮ್ಮ ಅಡಿಗೆಮನೆಯ ಅರ್ಧ ಕಾನೂನು ಹುಟ್ಟಿದೆ. ಲೋಟ ಕಚ್ಚಿ ಕುಡಿಯಬಾರದು, ಸೌಟಿನಲ್ಲೇ ರುಚಿ ನೋಡಬಾರದು, ಎಂಜಲು ಕೈಯಲ್ಲಿ ಬಡಿಸಬಾರದು. ಆದರೆ ಬಾಯೊಳಗೆ ಅಂಥದ್ದೇನಿದೆ ಎಂದು ಮೊದಲು ಕಣ್ಣಿಟ್ಟು ನೋಡಿದವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್. ದಿನವೂ ಬೆಳಿಗ್ಗೆ ಉಪ್ಪು ಹಾಕಿ ಹಲ್ಲುಜ್ಜಿ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ ಮನುಷ್ಯ. ನಮ್ಮ ಅಜ್ಜಿಯರು ಮೆಚ್ಚುತ್ತಿದ್ದರು. ಅಷ್ಟಾದರೂ ಹಲ್ಲಿನ ಸಂದಿಯಲ್ಲಿ ಹಿಟ್ಟು ಕಲಸಿದಂಥ ಬಿಳಿಯ ಕೊಳೆ ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದರೆ ಪುಟ್ಟ ಜೀವಿಗಳು ಸರಭರ ಓಡಾಡುತ್ತಿದ್ದವು. ಇಬ್ಬರು ಹೆಂಗಸರು, ಒಂದು ಮಗು, ಜನ್ಮದಲ್ಲೇ ಹಲ್ಲುಜ್ಜದ ಒಬ್ಬ ಮುದುಕ, ಇವರ ಹಲ್ಲಿನ ಕೊಳೆಯನ್ನೂ ನೋಡಿದ. ತನ್ನ ದೇಶದ ಜನಕ್ಕಿಂತ ಹೆಚ್ಚು ಜೀವಿಗಳು ತನ್ನೊಬ್ಬನ ಬಾಯಲ್ಲೇ ಇವೆ ಎಂದು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ.

ಈ ಬಿಡಾರದವರ ಮೇಲೆ ದೊಡ್ಡ ಅಪವಾದ ಬಂದದ್ದು ಇನ್ನೂರು ವರ್ಷ ಕಳೆದ ಮೇಲೆ. ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್, ಹಲ್ಲಿಗಂಟಿದ ಪಿಷ್ಟ-ಸಕ್ಕರೆಗಳನ್ನು ಹುಳಿಯಿಸಿ, ಆ ಆಮ್ಲದಿಂದ ಹಲ್ಲನ್ನು ಕರಗಿಸುವವು ಇವೇ ಎಂದು 1890ರಲ್ಲಿ ಪುಸ್ತಕ ಬರೆದ. ಬಾಯಿಯ ಸೋಂಕು ದೇಹದ ಬೇರೆ ಕಡೆಗೂ ಹಬ್ಬಬಹುದು ಎಂದು ಮರುವರ್ಷವೇ ಹೇಳಿದ. ಆ ಮಾತನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಂಟರ್ ಎತ್ತಿಕೊಂಡ. ಚಿನ್ನದ ಹಲ್ಲಿನ ಕೆಳಗೆ ಕೀವು ಮಡುಗಟ್ಟಿರುತ್ತದೆ, ಎಷ್ಟೋ ಕಾಯಿಲೆಗಳ ಬೇರು ಅಲ್ಲಿದೆ ಎಂದು 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿದ. ಅಲ್ಲಿಂದ ಶುರುವಾಯಿತು ಹಲ್ಲು ಕೀಳುವ ಭರಾಟೆ.

ಅದು ಎಲ್ಲಿಗೆ ಮುಟ್ಟಿತೆಂದು ತಿಳಿಯಬೇಕಾದರೆ ಅಮೆರಿಕದ ಟ್ರೆಂಟನ್‌ನ ಮಾನಸಿಕ ಆಸ್ಪತ್ರೆಗೆ ಹೋಗಬೇಕು. ಅಲ್ಲಿನ ಮುಖ್ಯಸ್ಥ ಹೆನ್ರಿ ಕಾಟನ್, ಹುಚ್ಚಿಗೂ ಸೋಂಕೇ ಕಾರಣವೆಂದು ನಂಬಿದ. ಮೊದಲು ರೋಗಿಗಳ ಹಲ್ಲು ಕೀಳಿಸಿದ. ಗುಣವಾಗದಿದ್ದರೆ ಟಾನ್ಸಿಲ್. ಅದಕ್ಕೂ ಬಗ್ಗದಿದ್ದರೆ ಹೊಟ್ಟೆ ಕೊಯ್ದು ದೊಡ್ಡ ಕರುಳು. ಪೆನಿಸಿಲಿನ್ ಇನ್ನೂ ಇಲ್ಲದ ಕಾಲ. ಕರುಳು ಕೊಯ್ಸಿಕೊಂಡವರಲ್ಲಿ ಬಹಳ ಜನ ಸತ್ತರು. ಬೇಡವೆಂದು ಅತ್ತವರ ಮಾತಿಗೆ ಬೆಲೆಯೆಲ್ಲಿ? ಹುಚ್ಚರೆಂಬ ಹಣೆಪಟ್ಟಿ ಮೊದಲೇ ಬಿದ್ದಿತ್ತಲ್ಲ. ಕಾಟನ್ ಮೋಸಗಾರನಾಗಿದ್ದರೆ ಸಿಟ್ಟು ಮಾಡಿ ಸುಮ್ಮನಾಗಬಹುದಿತ್ತು. ಆತ ನಂಬಿದ್ದ, ತನ್ನ ಇಬ್ಬರು ಗಂಡುಮಕ್ಕಳ ಹಲ್ಲನ್ನೂ ಕೀಳಿಸಿದ.

ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗಿದ್ದಾರೆ ಎಂದು ಆತ ಸಾರಿದಾಗ, ಲೆಕ್ಕ ನೋಡಲು 1924ರಲ್ಲಿ ಒಬ್ಬ ಹೆಂಗಸು ಬಂದಳು. ಜಾನ್ಸ್ ಹಾಪ್ಕಿನ್ಸ್‌ನ ಯುವ ವೈದ್ಯೆ ಫಿಲಿಸ್ ಗ್ರೀನೇಕರ್. ರೋಗಿಗಳ ಮುಖ ಯಾಕೆ ಹೀಗೆ ವಿಚಿತ್ರವಾಗಿದೆ ಎಂದು ಅವಳಿಗೆ ಮೊದಲು ಹೊಳೆಯಲಿಲ್ಲವಂತೆ. ಬಾಯಲ್ಲಿ ಹಲ್ಲಿರಲಿಲ್ಲ! ಕಟ್ಟಿಸಿದ ಹಲ್ಲೂ ಇಲ್ಲದೆ ಅಗಿಯಲಾಗದು, ಮಾತು ತೊದಲುತ್ತದೆ. ಒಂದೊಂದೇ ದಾಖಲೆ ತೆಗೆದು, ಬಿಡುಗಡೆಯಾದವರನ್ನು ಹುಡುಕಿಕೊಂಡು ಹೋಗಿ ಆಕೆ ಕಂಡದ್ದು, ಹೆಚ್ಚು ಚಿಕಿತ್ಸೆಯಾದವರ ಗತಿಯೇ ಹೆಚ್ಚು ಕೆಟ್ಟಿತ್ತು ಎಂಬುದನ್ನು. ಆ ವರದಿಯನ್ನು ಅವಳ ಗುರು ಅಡಾಲ್ಫ್ ಮೇಯರ್ ಪ್ರಕಟಿಸಲು ಬಿಡಲಿಲ್ಲ. ಆತ ಹೆಸರಾಂತ ಮನೋವೈದ್ಯ. ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡ. ನನಗೇನೋ ಕಾಟನ್‌ಗಿಂತ ಈತನನ್ನು ಕ್ಷಮಿಸುವುದೇ ಕಷ್ಟ. 1933ರಲ್ಲಿ ಕಾಟನ್ ಸಾಯುವವರೆಗೂ ಅವನ ಕೀರ್ತಿಗೆ ಕುಂದು ಬರಲಿಲ್ಲ.

ಹಾಗೆಂದು ಬಾಯಿಯ ಬ್ಯಾಕ್ಟೀರಿಯಾ ನಿರಪರಾಧಿಗಳೇನೂ ಅಲ್ಲ. 1935ರಲ್ಲಿ ಲಂಡನ್ನಿನ ಓಕೆಲ್ ಮತ್ತು ಎಲಿಯಟ್ 138 ಜನರ ಹಲ್ಲು ಕಿತ್ತ ಕೂಡಲೇ ರಕ್ತ ತೆಗೆದು ನೋಡಿದರು. ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಬಾಯಿಯ ಸ್ಟ್ರೆಪ್ಟೊಕಾಕಸ್ ಸಿಕ್ಕಿತು. ಆರೋಗ್ಯವಂತರ ಮೈ ಅವನ್ನು ಸ್ವಲ್ಪ ಹೊತ್ತಿನಲ್ಲೇ ಹೊರದಬ್ಬುತ್ತದೆ. ಆದರೆ ಹೃದಯದ ಕವಾಟ ಮೊದಲೇ ಕೆಟ್ಟಿದ್ದರೆ ಅಲ್ಲೇ ಬೇರೂರುತ್ತವೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟ ಹೆಂಗಸರು ನಮ್ಮ ಊರುಗಳಲ್ಲೂ ಇದ್ದಾರೆ. ಹಲ್ಲು ಕೀಳಿಸುವ ಮುನ್ನ ಅವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕೀಳುವಾಗ ಮಾತ್ರವಲ್ಲ, ಒಸಡು ಕೆಟ್ಟಿದ್ದರೆ ದಿನವೂ ಉಜ್ಜುವಾಗ, ಅಗಿಯುವಾಗಲೂ ಅವು ರಕ್ತಕ್ಕೆ ಇಳಿಯುತ್ತವೆ.

2010ರಲ್ಲಿ ಅಮೆರಿಕದಿಂದ ಒಂದು ಪ್ರಕರಣ ವರದಿಯಾಯಿತು. ಬಸುರಿಯಲ್ಲಿ ಒಸಡಿನಿಂದ ರಕ್ತ ಒಸರುತ್ತಿದ್ದ ಒಬ್ಬಾಕೆಗೆ ದಿನ ತುಂಬಿದ ಮೇಲೆ ಸತ್ತ ಮಗು ಹುಟ್ಟಿತು. ಮಗುವಿನ ಶ್ವಾಸಕೋಶ, ಹೊಟ್ಟೆಗಳಲ್ಲಿ ಸಿಕ್ಕ ಫ್ಯೂಸೋಬ್ಯಾಕ್ಟೀರಿಯಂ ತಾಯಿಯ ಒಸಡಿನದೇ ಆಗಿತ್ತು. ಇದು ಒಂದೇ ಪ್ರಕರಣ. ಇದನ್ನೇ ಹಿಡಿದು ಎಲ್ಲ ಬಸುರಿಯರನ್ನೂ ಹೆದರಿಸಹೊರಟರೆ ನಾವೂ ಕಾಟನ್ ದಾರಿ ಹಿಡಿದಂತೆ. ಅದಕ್ಕೆ ಮೊದಲೇ, 2006ರಲ್ಲಿ, 823 ಬಸುರಿಯರ ಮೇಲೆ ನಡೆದ ಅಧ್ಯಯನ ಪ್ರಕಟವಾಗಿತ್ತು. ಒಸಡಿನ ಚಿಕಿತ್ಸೆಯಿಂದ ದಿನ ತುಂಬದ ಹೆರಿಗೆಗಳೇನೂ ಕಡಿಮೆಯಾಗಲಿಲ್ಲ. ಆದರೆ ತಾಯಂದಿರ ಒಸಡು ಸುಧಾರಿಸಿತು, ಮಗುವಿಗೆ ಕೆಡುಕಾಗಲಿಲ್ಲ. ಬಸುರಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದೆಂದು ಮನೆಯ ಹಿರಿಯರು ಹೇಳುವುದುಂಟು. ಆ ಹೆಂಗಸರಿಗೆ ಚಿಕಿತ್ಸೆ ನಡೆದದ್ದು 21ನೇ ವಾರದೊಳಗೆ.