ಎರಡು ಮನೆಗಳ ಗೃಹ ಸ್ವಯಂಚಾಲನೆ

ಎರಡು ಮನೆಗಳ ಗೃಹ ಸ್ವಯಂಚಾಲನೆ ಎಂದರೆ ಬೇರೆ ಬೇರೆ ಸ್ಥಳಗಳಲ್ಲಿರುವ ಎರಡು ಮನೆಗಳ ದೀಪ, ನೀರಿನ ಪಂಪು, ಬೀಗ, ಕ್ಯಾಮೆರಾ, ಸಂವೇದಕ ಮೊದಲಾದ ಸಾಧನಗಳನ್ನು ಒಂದೇ ಕುಟುಂಬವು ಒಟ್ಟಾಗಿ ನಿರ್ವಹಿಸುವ ವ್ಯವಸ್ಥೆ. ಇದು ಸ್ಮಾರ್ಟ್ ಹೋಮ್ ತಂತ್ರಜ್ಞಾನದ ಒಂದು ಬಳಕೆಯಾಗಿದೆ. ತಂದೆತಾಯಿ ಒಂದು ಊರಿನಲ್ಲಿ, ಮಕ್ಕಳು ಇನ್ನೊಂದು ಊರಿನಲ್ಲಿ ವಾಸಿಸುವ ಸಂದರ್ಭಗಳಲ್ಲಿ ಹಾಗೂ ಒಂದು ಮನೆ ಬಹುಕಾಲ ಖಾಲಿ ಇರುವ ಸಂದರ್ಭಗಳಲ್ಲಿ ಇದರ ಅಗತ್ಯ ಕಂಡುಬರುತ್ತದೆ. ಮನೆಗಳ ನಡುವಿನ ಸಂಪರ್ಕ ಕಡಿದರೂ ಪ್ರತಿಯೊಂದು ಮನೆಯು ತನ್ನ ಅಗತ್ಯ ಕೆಲಸಗಳನ್ನು ತಾನೇ ಮುಂದುವರಿಸುವಂತೆ ರೂಪಿಸುವುದು ಇಂತಹ ವ್ಯವಸ್ಥೆಯ ಮುಖ್ಯ ತತ್ವ.

ಇತಿಹಾಸ

ಗೃಹ ಸ್ವಯಂಚಾಲನೆಯ ಆರಂಭಿಕ ಮಾನಕಗಳಲ್ಲಿ ಒಂದಾದ ಎಕ್ಸ್10 ಅನ್ನು 1975ರಲ್ಲಿ ಸ್ಕಾಟ್ಲೆಂಡಿನ ಪಿಕೊ ಎಲೆಕ್ಟ್ರಾನಿಕ್ಸ್ ಸಂಸ್ಥೆ ರೂಪಿಸಿತು. ಇದು ಮನೆಯ ವಿದ್ಯುತ್ ತಂತಿಯ ಮೂಲಕವೇ ಸಂಕೇತ ಕಳುಹಿಸುತ್ತಿದ್ದುದರಿಂದ ಅದರ ವ್ಯಾಪ್ತಿ ಒಂದು ಮನೆಗೆ ಸೀಮಿತವಾಗಿತ್ತು. ದೂರದ ಸಾಧನಗಳ ನಡುವೆ ಅಲ್ಪ ಪ್ರಮಾಣದ ಮಾಹಿತಿಯನ್ನು ಸಾಗಿಸುವ ಎಂಕ್ಯೂಟಿಟಿ ಎಂಬ ಸಂವಹನ ವಿಧಾನವು 1999ರಲ್ಲಿ ಬಂದಿತು. ಉಪಗ್ರಹ ಸಂಪರ್ಕದ ಮೂಲಕ ತೈಲ ಕೊಳವೆಮಾರ್ಗಗಳ ಮೇಲೆ ನಿಗಾ ಇಡಲು ರಚಿಸಲಾಗಿದ್ದ ಇದು ನಂತರ ಮನೆಗಳಲ್ಲಿಯೂ ಬಳಕೆಗೆ ಬಂದಿತು. ಮುಕ್ತ ತಂತ್ರಾಂಶಗಳಾದ ಓಪನ್‌ಹ್ಯಾಬ್ 2010ರಲ್ಲಿ ಮತ್ತು ಹೋಮ್ ಅಸಿಸ್ಟೆಂಟ್ 2013ರಲ್ಲಿ ಆರಂಭವಾದವು. ವಿವಿಧ ಕಂಪನಿಗಳ ಸಾಧನಗಳು ಪರಸ್ಪರ ಹೊಂದಿಕೊಂಡು ಕೆಲಸ ಮಾಡಲೆಂದು ಮ್ಯಾಟರ್ ಎಂಬ ಮಾನಕದ ಮೊದಲ ಆವೃತ್ತಿ 2022ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು.

ರಚನೆಯ ವಿಧಗಳು

ವೈಫೈ, ಜಿಗ್‌ಬೀ ಮೊದಲಾದ ನಿಸ್ತಂತು ವಿಧಾನಗಳ ವ್ಯಾಪ್ತಿ ಸಾಮಾನ್ಯವಾಗಿ ಒಂದು ಮನೆಯ ಒಳಗೆ ಮುಗಿಯುತ್ತದೆ. ಆದ್ದರಿಂದ ಎರಡು ಮನೆಗಳನ್ನು ಜೋಡಿಸಲು ಅಂತರ್ಜಾಲ ಬೇಕಾಗುತ್ತದೆ. ಇದಕ್ಕೆ ಮೂರು ವಿಧಾನಗಳಿವೆ.

1. ಒಂದೇ ಖಾತೆಯ ವಿಧಾನ: ಗೂಗಲ್ ಹೋಮ್, ಆಪಲ್ ಹೋಮ್ ಮುಂತಾದ ಆ್ಯಪ್‌ಗಳಲ್ಲಿ ಒಂದು ಖಾತೆಯ ಅಡಿಯಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳನ್ನು ಸೇರಿಸಬಹುದು. ಇದು ಸುಲಭವಾದುದು. ಆದರೆ ಕಂಪನಿಯ ಸರ್ವರನ್ನೇ ಅವಲಂಬಿಸಿದ ಸಾಧನಗಳು ಅಂತರ್ಜಾಲ ನಿಂತಾಗ ಆದೇಶ ಪಾಲಿಸುವುದಿಲ್ಲ.

2. ಒಂದೇ ನಿಯಂತ್ರಕದ ವಿಧಾನ: ಒಂದು ಮನೆಯಲ್ಲಿ ಮಾತ್ರ ನಿಯಂತ್ರಕ ಗಣಕವನ್ನಿಟ್ಟು, ಇನ್ನೊಂದು ಮನೆಯ ಸಾಧನಗಳನ್ನು ವಿಪಿಎನ್ ಮೂಲಕ ಅದಕ್ಕೆ ಜೋಡಿಸಲಾಗುತ್ತದೆ. ಸಂಪರ್ಕ ಕಡಿದರೆ ಎರಡನೆಯ ಮನೆಯ ಸ್ವಯಂಚಾಲನೆ ಸಂಪೂರ್ಣ ಸ್ಥಗಿತಗೊಳ್ಳುತ್ತದೆ.

3. ಪ್ರತ್ಯೇಕ ನಿಯಂತ್ರಕಗಳ ವಿಧಾನ: ಪ್ರತಿ ಮನೆಯಲ್ಲಿಯೂ ಒಂದು ನಿಯಂತ್ರಕವಿದ್ದು, ನಿಯಮಗಳೆಲ್ಲ ಅಲ್ಲಿಯೇ ಜಾರಿಯಾಗುತ್ತವೆ. ಟ್ಯಾಂಕಿನ ಮಟ್ಟ, ಬಾಗಿಲಿನ ಸ್ಥಿತಿ, ವಿದ್ಯುತ್ ಇದೆಯೇ ಎಂಬಂತಹ ಆಯ್ದ ಮಾಹಿತಿ ಮಾತ್ರ ಇನ್ನೊಂದು ಮನೆಗೆ ತಲುಪುತ್ತದೆ. ಖರ್ಚು ಹೆಚ್ಚಾದರೂ ಮೂರರಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದುದು ಇದು.

ಜಾಲದ ಹೊಂದಾಣಿಕೆ

ಅನೇಕ ಅಂತರ್ಜಾಲ ಸೇವಾದಾರರು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತಾರೆ. ಇಂತಹ ಸಂಪರ್ಕವಿರುವ ಮನೆಯನ್ನು ಹೊರಗಿನಿಂದ ನೇರವಾಗಿ ತಲುಪಲಾಗದು. ಎರಡೂ ಮನೆಗಳಲ್ಲಿ ಇದೇ ಸ್ಥಿತಿಯಿದ್ದರೆ ಮಧ್ಯವರ್ತಿ ಸರ್ವರ್ ಬೇಕಾಗುತ್ತದೆ. ಎರಡೂ ರೂಟರ್‌ಗಳು 192.168.1 ಎಂದು ಆರಂಭವಾಗುವ ಒಂದೇ ವಿಳಾಸ ಸರಣಿಯನ್ನು ಬಳಸುತ್ತಿದ್ದರೆ ವಿಪಿಎನ್ ಜೋಡಿಸಿದಾಗ ಗೊಂದಲವಾಗುತ್ತದೆ. ಒಂದರ ಸರಣಿಯನ್ನು 192.168.2 ಎಂದು ಬದಲಿಸುವುದು ಇದಕ್ಕೆ ಸರಳ ಪರಿಹಾರ.

ಸಾಧನಗಳ ಹೆಸರಿನಲ್ಲಿ ಊರಿನ ಹೆಸರೂ ಇರಬೇಕಾಗುತ್ತದೆ. ಕೇವಲ ‘ಪಂಪು’ ಎಂದಿದ್ದರೆ ತಪ್ಪು ಮನೆಯ ಪಂಪು ಚಾಲೂ ಆಗುವ ಸಂಭವವಿದೆ. ‘ಮನೆಯಲ್ಲಿ ಯಾರೂ ಇಲ್ಲ’ ಎಂಬ ನಿಯಮವನ್ನೂ ಮನೆವಾರು ಬರೆಯಬೇಕು. ಇಲ್ಲವಾದರೆ ಒಬ್ಬರು ಒಂದು ಮನೆಯಿಂದ ಹೊರಟ ಕೂಡಲೇ ಇನ್ನೊಂದು ಮನೆಯಲ್ಲಿ ಕುಳಿತಿರುವವರ ದೀಪ, ಫ್ಯಾನು ಆರಿಹೋಗಬಹುದು.

ಹುಬ್ಬಳ್ಳಿ-ಧಾರವಾಡದ ಸಂದರ್ಭ

ಸುಮಾರು 20 ಕಿ.ಮೀ. ಅಂತರದ ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ಬಂದವು. ಎರಡೂ ನಗರಗಳಿಗೆ ವಿದ್ಯುತ್ ಪೂರೈಸುವುದು ಹೆಸ್ಕಾಂ. ಹೀಗಿದ್ದರೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು, ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆಯಿರುವ ಕುಟುಂಬಕ್ಕೆ ಎರಡೂ ಕಡೆ ಒಂದೇ ಹೊತ್ತಿಗೆ ನೀರು ಅಥವಾ ವಿದ್ಯುತ್ ಇರುತ್ತದೆ ಎನ್ನಲಾಗದು.

ಅವಳಿ ನಗರಕ್ಕೆ ಸವದತ್ತಿ ಸಮೀಪದ ನವಿಲುತೀರ್ಥದಲ್ಲಿರುವ ಮಲಪ್ರಭಾ ಜಲಾಶಯ ಹಾಗೂ ನೀರಸಾಗರ ಕೆರೆ ನೀರಿನ ಮೂಲಗಳಾಗಿವೆ. ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ 2008ರಲ್ಲಿ ನಗರದ ಸುಮಾರು ಶೇ. 10ರಷ್ಟು ಭಾಗಕ್ಕೆ ದಿನದ 24 ಗಂಟೆಯೂ ನೀರು ಪೂರೈಕೆ ಆರಂಭವಾಯಿತು. ಉಳಿದ ಬಡಾವಣೆಗಳಲ್ಲಿ ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಪದ್ಧತಿ ಮುಂದುವರಿಯಿತು. ನೀರು ಬಂದಾಗ ಸಂಪು ತುಂಬಿಸಿಕೊಂಡು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸುವುದು ಇಂತಹ ಮನೆಗಳ ರೂಢಿ.

2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಇಲ್ಲಿ ಎಸ್‌ಎಂಎಸ್ ಸೇವೆಯೊಂದನ್ನು ನಡೆಸಿತು. ವಾಲ್ವ್ ತಿರುಗಿಸುವ ಸಿಬ್ಬಂದಿ ಫೋನಿನ ಮೂಲಕ ನೀಡಿದ ಮಾಹಿತಿಯ ಆಧಾರದ ಮೇಲೆ ನೀರು ಬರುವ ಮುನ್ಸೂಚನೆ ಮನೆಗಳಿಗೆ ತಲುಪುತ್ತಿತ್ತು. ಇದೇ ಸೇವೆಯನ್ನು ಬೆಂಗಳೂರಿನಲ್ಲಿ ಪರಿಶೀಲಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಜನರು ನೀರಿಗಾಗಿ ಕಾಯುವ ಸಮಯ ಕಡಿಮೆಯಾಗಲಿಲ್ಲ ಎಂದು ಕಂಡುಕೊಂಡಿತು. ಮಾಹಿತಿ ನೀಡಬೇಕಾದ ಸಿಬ್ಬಂದಿ ಅದನ್ನು ಸರಿಯಾಗಿ ನೀಡದಿದ್ದುದು ಮತ್ತು ಮನೆಯೊಳಗಿನ ಸ್ತ್ರೀ-ಪುರುಷ ಸಂಬಂಧಗಳು ಇದಕ್ಕೆ ಕಾರಣಗಳೆಂದು ಅದು ಗುರುತಿಸಿತು. ಎರಡು ಮನೆಗಳ ಸ್ವಯಂಚಾಲನೆಗೂ ಈ ಅನುಭವ ಅನ್ವಯಿಸುತ್ತದೆ. ಸೂಚನೆಯು ದೂರದಲ್ಲಿರುವ ಖಾತೆದಾರರ ಫೋನಿಗೆ ಮಾತ್ರ ಹೋದರೆ, ಆ ಮನೆಯಲ್ಲಿ ನೀರಿಗೆ ಕಾದಿರುವವರಿಗೆ ಅದರಿಂದ ಪ್ರಯೋಜನವಿಲ್ಲ.

ಪಂಪಿನ ನಿಯಂತ್ರಣ

ದೂರದಿಂದ ನಡೆಸುವ ಸಾಧನಗಳಲ್ಲಿ ಪಂಪು ಹೆಚ್ಚು ಎಚ್ಚರಿಕೆ ಬೇಡುವಂಥದು. 1 ಅಶ್ವಶಕ್ತಿ ಸುಮಾರು 746 ವಾಟ್‌ಗೆ ಸಮ. ಚಾಲೂ ಆಗುವ ಕ್ಷಣದಲ್ಲಿ ಮೋಟಾರು ಸಾಮಾನ್ಯ ಸ್ಥಿತಿಗಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ ಪ್ರವಾಹ ಎಳೆಯುವುದರಿಂದ ಚಿಕ್ಕ ಸ್ಮಾರ್ಟ್ ಸ್ವಿಚ್‌ನ ಸಂಪರ್ಕ ಬಿಂದುಗಳು ಬೆಸೆದುಕೊಂಡು ಪಂಪು ನಿಲ್ಲದೆ ಹೋಗಬಹುದು. ಆದಕಾರಣ ಸ್ಮಾರ್ಟ್ ಸ್ವಿಚ್‌ನಿಂದ ಕಾಂಟ್ಯಾಕ್ಟರ್ ಒಂದನ್ನು ನಡೆಸಿ, ಅದರ ಮೂಲಕ ಮೋಟಾರಿಗೆ ವಿದ್ಯುತ್ ನೀಡಲಾಗುತ್ತದೆ. ಸಂಪು ಬರಿದಾದಾಗ ಮತ್ತು ಟ್ಯಾಂಕು ತುಂಬಿದಾಗ ಪಂಪನ್ನು ನಿಲ್ಲಿಸುವ ಫ್ಲೋಟ್ ಸ್ವಿಚ್‌ಗಳು ಅಂತರ್ಜಾಲದ ಹಂಗಿಲ್ಲದೆ ತಂತಿಯಲ್ಲಿಯೇ ಜೋಡಣೆಯಾಗಿರಬೇಕು. ವಿದ್ಯುತ್ ಹೋಗಿ ಮರಳಿದಾಗ ಪಂಪು ತಾನಾಗಿ ಚಾಲೂ ಆಗದಂತೆ ಹೊಂದಿಸಲಾಗುತ್ತದೆ.

ಸುರಕ್ಷತೆ ಮತ್ತು ಖಾಸಗಿತನ

ಒಂದೇ ಗುಪ್ತಪದ ಎರಡು ಮನೆಗಳನ್ನೂ ತೆರೆಯುವಂತಿದ್ದರೆ ಅದು ಸೋರಿದಾಗ ಎರಡೂ ಮನೆಗಳು ಅಪಾಯಕ್ಕೆ ಸಿಲುಕುತ್ತವೆ. ಕುಟುಂಬದ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಹಾಗೂ ಎರಡು ಹಂತದ ದೃಢೀಕರಣ ಇರುವುದು ಸೂಕ್ತ.

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಗೃಹಬಳಕೆಯ ಉದ್ದೇಶಕ್ಕೆ ನಡೆಸುವ ದತ್ತಾಂಶ ಬಳಕೆಗೆ ಅನ್ವಯಿಸುವುದಿಲ್ಲ. ಹೀಗಾಗಿ ಹಿರಿಯರ ಮನೆಯಲ್ಲಿ ಮಕ್ಕಳು ಕ್ಯಾಮೆರಾ ಇಡುವ ವಿಷಯವು ಬಹುಮಟ್ಟಿಗೆ ಕುಟುಂಬದೊಳಗಿನ ಒಪ್ಪಿಗೆಯನ್ನೇ ಅವಲಂಬಿಸಿದೆ. ಕ್ಯಾಮೆರಾದ ಬದಲು ಬಾಗಿಲು ತೆರೆದದ್ದನ್ನು ಅಥವಾ ನಡುಮನೆಯಲ್ಲಿ ಚಲನೆಯಿರುವುದನ್ನು ತಿಳಿಸುವ ಸಂವೇದಕಗಳು ಅವರ ಖಾಸಗಿತನಕ್ಕೆ ಕಡಿಮೆ ಧಕ್ಕೆ ತರುತ್ತವೆ.

ಮಿತಿಗಳು

ರೂಟರ್ ಮತ್ತು ನಿಯಂತ್ರಕಕ್ಕೆ ಇನ್ವರ್ಟರ್ ಅಥವಾ ಯುಪಿಎಸ್ ಇಲ್ಲದಿದ್ದರೆ ವಿದ್ಯುತ್ ಹೋದ ಸುದ್ದಿಯೂ ಇನ್ನೊಂದು ಮನೆಗೆ ತಲುಪುವುದಿಲ್ಲ. ಕೆಟ್ಟ ಸಾಧನವನ್ನು ದೂರದಿಂದ ದುರಸ್ತಿ ಮಾಡಲು ಆಗದಿರುವುದರಿಂದ ಗೋಡೆಯ ಮಾಮೂಲಿ ಸ್ವಿಚ್‌ಗಳನ್ನು ಉಳಿಸಿಕೊಳ್ಳಲಾಗುತ್ತದೆ. ಮೇನ್ ಸ್ವಿಚ್ ಎಲ್ಲಿದೆ, ಸ್ವಯಂಚಾಲನೆಯನ್ನು ನಿಲ್ಲಿಸುವುದು ಹೇಗೆ ಎಂಬುದನ್ನು ಆಯಾ ಮನೆಯಲ್ಲಿರುವವರಿಗೆ ಕನ್ನಡದಲ್ಲಿ ಬರೆದಿಡುವುದು ಉಪಯುಕ್ತ.

ಇವನ್ನೂ ನೋಡಿ

- ವಸ್ತುಗಳ ಅಂತರ್ಜಾಲ
- ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ
- ಮಲಪ್ರಭಾ ನದಿ