ಒಪ್ಪ ತರುವವನು

ಕಾನೂನು ಮಾಡುವುದು ಶಾಸನಸಭೆಯ ಕೆಲಸ. ಆ ಸಭೆಗೆ ಪ್ರತಿನಿಧಿಗಳನ್ನು ಆರಿಸಿ ಕಳುಹಿಸುವುದು ಪ್ರಜೆಗಳ ಕೆಲಸ. ನಾವು ಕಂಡು ಬಲ್ಲ ಪ್ರಜಾಪ್ರಭುತ್ವದ ಕ್ರಮ ಇದು. ಮತದಾರನು ತಾನೇ ಒಂದು ಮಸೂದೆಯನ್ನು ಬರೆದು ಜನರ ಮುಂದಿಟ್ಟು ಅದನ್ನು ಮತಕ್ಕೆ ಹಾಕಿಸುವ ಏರ್ಪಾಡು ನಮ್ಮ ಸಂವಿಧಾನದಲ್ಲಿಲ್ಲ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂಥ ಏರ್ಪಾಡು ಉಂಟು. ಅದನ್ನು ಅಲ್ಲಿಯವರು ಇನಿಷಿಯೇಟಿವ್ ಎನ್ನುತ್ತಾರೆ. ಪ್ರಜೆಗಳೇ ಉಪಕ್ರಮಿಸುವುದರಿಂದ ನಾವು ಪ್ರಜೋಪಕ್ರಮ ಎನ್ನಬಹುದು. ಅದರ ಕ್ರಮ ಸ್ಥೂಲವಾಗಿ ಹೀಗೆ: ಮಸೂದೆಯನ್ನು ಬರೆದು, ಅದಕ್ಕೆ ಗೊತ್ತಾದಷ್ಟು ಮತದಾರರ ರುಜು ಹಾಕಿಸಿ, ಗೊತ್ತಾದ ಅವಧಿಯೊಳಗೆ ಸರ್ಕಾರಕ್ಕೆ ಒಪ್ಪಿಸಬೇಕು. ರುಜುಗಳು ಸರಿಯಾಗಿದ್ದರೆ ಆ ಮಸೂದೆ ಚುನಾವಣೆಯ ಮತಪತ್ರದಲ್ಲಿ ಅಚ್ಚಾಗುತ್ತದೆ. ಜನ ಹೌದೆಂದರೆ ಅದು ಕಾನೂನು.

ಮಸೂದೆ ಬರೆಯುವವರು ನಾಲ್ಕಾರು ಮಂದಿ. ರುಜು ಹಾಕಬೇಕಾದವರು ಲಕ್ಷಾಂತರ ಮಂದಿ. ಇವರಿಬ್ಬರ ನಡುವೆ ಕಾಗದ ಹಿಡಿದು ಸಂತೆಬೀದಿಯಲ್ಲಿ ನಿಲ್ಲುವ ಮೂರನೆಯವನೊಬ್ಬನಿದ್ದಾನೆ. ಅವನೇ ರುಜು ಸಂಗ್ರಾಹಕ. ಅವನನ್ನು ಎಷ್ಟರ ಮಟ್ಟಿಗೆ ನಂಬಬೇಕು, ಎಷ್ಟರ ಮಟ್ಟಿಗೆ ಅಂಕೆಯಲ್ಲಿಡಬೇಕು ಎಂಬ ವಾದ ಆ ದೇಶದಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ.

ಈ ಪದ್ಧತಿ ಹುಟ್ಟಿದ ಕಾಲವನ್ನು ಮೊದಲು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಅಮೆರಿಕದ ಅನೇಕ ಶಾಸನಸಭೆಗಳು ರೈಲ್ವೆ ಕಂಪೆನಿಗಳ ಮತ್ತು ದೊಡ್ಡ ಹಣವಂತರ ಕೈಗೊಂಬೆಗಳಾಗಿವೆ ಎಂಬ ಆಕ್ರೋಶ ರೈತರಲ್ಲಿಯೂ ಕಾರ್ಮಿಕರಲ್ಲಿಯೂ ಬಲವಾಗಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಜನರೇ ನೇರವಾಗಿ ಕಾನೂನಿಗೆ ಮತ ಕೊಡುವ ಪದ್ಧತಿಯಿದೆಯೆಂದು ಕೇಳಿ, ನಮಗೂ ಅದು ಬೇಕೆಂದು ಅವರು ಹೋರಾಡಿದರು. 1898ರಲ್ಲಿ ದಕ್ಷಿಣ ಡಕೋಟ ರಾಜ್ಯ ಇದನ್ನು ಮೊದಲು ಒಪ್ಪಿಕೊಂಡಿತು. ಆರೆಗಾನ್ ರಾಜ್ಯದಲ್ಲಿ ಇದಕ್ಕಾಗಿ ದುಡಿದವನು ವಿಲಿಯಂ ಯುರೆನ್. ಕಮ್ಮಾರಿಕೆ ಮಾಡಿ, ಅನಂತರ ಕಾನೂನು ಓದಿ ವಕೀಲನಾದವನು ಅವನು. 1902ರಲ್ಲಿ ಅಲ್ಲಿನ ಮತದಾರರು 5,668ಕ್ಕೆ ಎದುರಾಗಿ 62,024 ಮತಗಳಿಂದ ಇದನ್ನು ತಮ್ಮ ಸಂವಿಧಾನಕ್ಕೆ ಸೇರಿಸಿದರು. ಸ್ತ್ರೀಯರಿಗೆ ಮತದ ಹಕ್ಕು ಆರೆಗಾನಿನಲ್ಲಿ 1912ರಲ್ಲಿ ಬಂದುದು ಈ ಬಾಗಿಲಿನಿಂದಲೇ. 1911ರಲ್ಲಿ ಹೈರಂ ಜಾನ್ಸನ್ ಗವರ್ನರನಾಗಿದ್ದಾಗ ಕ್ಯಾಲಿಫೋರ್ನಿಯವೂ ಇದೇ ದಾರಿ ಹಿಡಿಯಿತು.

ಕನ್ನಡದಲ್ಲಿ ರುಜುವಿಗೆ ಹಳೆಯ ಮಾತು ಒಪ್ಪ. ಹೊಯ್ಸಳ ಅರಸರ ಒಪ್ಪವಾಗಿ ‘ಮಲಪರೊಳ್ಗಂಡ’ ಎಂಬ ಬಿರುದು ಶಾಸನಗಳಲ್ಲಿ ಬರುತ್ತದೆ. ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಬರೆದಿರುತ್ತದೆ. ಒಪ್ಪು ಎಂದರೆ ಸಮ್ಮತಿ. ಆ ಸಮ್ಮತಿಯ ಗುರುತು ಒಪ್ಪ. ಆದರೆ ಗುರುತೊಂದೇ ಸಾಲದೆಂದು ನಮ್ಮ ಹಿರಿಯರು ಬಲ್ಲರು. ಆದ್ದರಿಂದಲೇ ಅನೇಕ ಶಾಸನಗಳಲ್ಲಿ ಬರೆದವನ ಹೆಸರೂ ಸಾಕ್ಷಿಗಳ ಹೆಸರೂ ಕೂಡಿಬರುತ್ತವೆ. ಅಮೆರಿಕದ ಕಾನೂನೂ ರುಜು ಸಂಗ್ರಾಹಕನಿಂದ ಬಯಸುವುದು ಈ ಸಾಕ್ಷಿಯ ಕೆಲಸವನ್ನೇ. ಬಹುಪಾಲು ರಾಜ್ಯಗಳಲ್ಲಿ ಪ್ರತಿಯೊಂದು ಹಾಳೆಯ ಅಥವಾ ಅರ್ಜಿಯ ಕಡೆಯಲ್ಲಿ ಅವನು ಪ್ರಮಾಣ ಮಾಡಿ ರುಜು ಹಾಕಬೇಕು. ಸಾಕ್ಷಿಯೇ ಕೂಲಿಗೆ ನಿಂತವನಾದರೆ ಅವನ ಮಾತಿಗೆ ಬೆಲೆಯೇನು? ಅಲ್ಲಿಯ ವಾದಕ್ಕೆಲ್ಲ ಬೇರು ಈ ಪ್ರಶ್ನೆಯಲ್ಲಿದೆ.

ಕೂಲಿ ಏಕೆ ಬಂತೆಂಬುದಕ್ಕೆ ಲೆಕ್ಕ ನೋಡಿದರೆ ಸಾಕು. ಕ್ಯಾಲಿಫೋರ್ನಿಯದಲ್ಲಿ 2022ರ ಚುನಾವಣೆಯ ನಂತರ ನಿಗದಿಯಾದಂತೆ, ಸಂವಿಧಾನದ ತಿದ್ದುಪಡಿಯೊಂದನ್ನು ಮತಪತ್ರಕ್ಕೆ ತರಲು 8,74,641 ರುಜುಗಳು ಬೇಕು. ಅವಧಿ 180 ದಿನ. ಎಂದರೆ ದಿನಕ್ಕೆ ಐದು ಸಾವಿರದ ಹತ್ತಿರ; ತಿರಸ್ಕಾರವಾಗುವವನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಹೆಚ್ಚು. 1978ರಲ್ಲಿ ಆಸ್ತಿ ತೆರಿಗೆಯನ್ನು ಇಳಿಸಿದ ಹದಿಮೂರನೆಯ ಪ್ರಸ್ತಾವಕ್ಕೆ ಹನ್ನೆರಡು ಲಕ್ಷಕ್ಕೂ ಹೆಚ್ಚು ರುಜುಗಳನ್ನು ಬಹುಮಟ್ಟಿಗೆ ಸ್ವಯಂಸೇವಕರೇ ಕೂಡಿಸಿದರೆಂಬುದು ನಿಜ. ಅಂಥ ಕಾವು ಎಲ್ಲ ವಿಷಯಗಳಿಗೂ ಬಾರದು. ಆದುದರಿಂದ ಬಹು ಹಿಂದೆಯೇ ಇದು ಒಂದು ವೃತ್ತಿಯಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋಸೆಫ್ ರಾಬಿನ್ಸನ್ ಎಂಬಾತನು ರುಜು ಕೂಡಿಸಿಕೊಡುವುದನ್ನೇ ದಶಕಗಳ ಕಾಲ ವ್ಯಾಪಾರವಾಗಿ ನಡೆಸಿದನು. ಹಣವಂತರ ಹಿಡಿತವನ್ನು ಮುರಿಯಲು ಕಟ್ಟಿದ ಬಾಗಿಲಿನಲ್ಲಿಯೇ ಹಣ ಕಾವಲು ಕುಳಿತಂತಾಯಿತು.

ಇದಕ್ಕೆ ಕೊಲರಾಡೊ ರಾಜ್ಯ 1941ರಲ್ಲಿ ಕಟುವಾದ ಮದ್ದು ಹುಡುಕಿತು: ರುಜು ತರುವವರಿಗೆ ಹಣ ಕೊಡುವುದೇ ಘೋರಾಪರಾಧವೆಂದು ಶಾಸನ ಮಾಡಿತು. ನಾಲ್ಕು ದಶಕ ಕಳೆದ ಮೇಲೆ ಅಲ್ಲಿ ಪಾಲ್ ಗ್ರಾಂಟ್ ಮತ್ತು ಅವನ ಜೊತೆಗಾರರು ಲಾರಿ ಸಾಗಾಟದ ಮೇಲಿದ್ದ ಸರ್ಕಾರಿ ನಿಯಂತ್ರಣವನ್ನು ತೆಗೆಯಬೇಕೆಂದು ಒಂದು ಪ್ರಸ್ತಾವ ಬರೆದರು. ಆರು ತಿಂಗಳಲ್ಲಿ 46,737 ರುಜು ಬೇಕಾಗಿತ್ತು. ಹಣ ಕೊಡದೆ ಅಷ್ಟು ರುಜು ಕೂಡದೆಂದು ಅವರು ನ್ಯಾಯಾಲಯಕ್ಕೆ ಹೋದರು. 1988ರಲ್ಲಿ ಸುಪ್ರೀಂ ಕೋರ್ಟು ಏಕಮತದಿಂದ ಆ ಶಾಸನವನ್ನು ಹೊಡೆದುಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್. ಬೀದಿಯಲ್ಲಿ ನಿಂತು ಒಬ್ಬ ಅಪರಿಚಿತನಿಗೆ ಮಸೂದೆಯ ವಿಷಯ ಹೇಳಿ ಒಪ್ಪಿಸುವುದು ರಾಜಕೀಯ ಭಾಷಣದ ತಿರುಳು. ಹಣ ಕೊಡಕೂಡದೆಂದರೆ ಮಾತನಾಡುವ ಬಾಯಿಗಳು ಕಡಮೆಯಾಗುತ್ತವೆ, ಕೇಳುವ ಕಿವಿಗಳೂ ಕಡಮೆಯಾಗುತ್ತವೆ ಎಂಬುದು ಅವರ ವಾದ. ಕಳ್ಳ ರುಜುವನ್ನು ಶಿಕ್ಷಿಸಲು ಬೇರೆ ಕಾನೂನುಗಳಿವೆ ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು: ನಾಳೆಯ ಕೆಲಸಕ್ಕಾಗಿ ತನ್ನ ಒಳ್ಳೆಯ ಹೆಸರನ್ನು ಕಾಯ್ದುಕೊಳ್ಳಬೇಕಾದ ವೃತ್ತಿಗಾರನು, ತನ್ನ ಪಕ್ಷ ಗೆಲ್ಲಲೇಬೇಕೆಂಬ ಆವೇಶದ ಸ್ವಯಂಸೇವಕನಿಗಿಂತ ಹೆಚ್ಚು ಮೋಸ ಮಾಡುತ್ತಾನೆಂದು ನಾವೇಕೆ ತಿಳಿಯಬೇಕು? ನ್ಯಾಯಾಲಯದ ಈ ಪ್ರಶ್ನೆ ಯೋಚನೆಗೆ ತಕ್ಕುದು. ಪಂದ್ಯದಲ್ಲಿ ಮೋಸವಾಡುವುದು ಕೂಲಿಯಾಳೊಬ್ಬನೇ ಅಲ್ಲವಷ್ಟೆ.

ಕೊಲರಾಡೊ ಸುಮ್ಮನಾಗಲಿಲ್ಲ. ಬೇರೆ ನಿಬಂಧನೆಗಳನ್ನು ತಂದಿತು. ಸಂಗ್ರಾಹಕನು ನೋಂದಾಯಿತ ಮತದಾರನಾಗಿರಬೇಕು. ತನ್ನ ಹೆಸರುಳ್ಳ ಬಿಲ್ಲೆಯನ್ನು ಎದೆಯ ಮೇಲೆ ಧರಿಸಬೇಕು. ಯಾರಿಗೆ ಎಷ್ಟು ಕೂಲಿ ಸಂದಿತೆಂಬುದನ್ನು ಹೆಸರು ವಿಳಾಸ ಸಹಿತ ವರದಿ ಮಾಡಬೇಕು. 1999ರಲ್ಲಿ ಸುಪ್ರೀಂ ಕೋರ್ಟು ಈ ಮೂರನ್ನೂ ಕೂಡದೆಂದಿತು. ಮತ ಹಾಕುವ ಅರ್ಹತೆಯಿದ್ದೂ ನೋಂದಾಯಿಸಿಕೊಳ್ಳದವರು ಆ ರಾಜ್ಯದಲ್ಲಿ ನಾಲ್ಕು ಲಕ್ಷಕ್ಕೆ ಕಡಮೆಯಿರಲಿಲ್ಲ. ಅವರ ಬಾಯಿ ಕಟ್ಟುವುದು ಸರಿಯಲ್ಲವೆಂದಿತು. ಹೆಸರಿನ ಬಿಲ್ಲೆಯ ವಿಷಯದಲ್ಲಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅವರ ವಿವೇಚನೆ ಸೂಕ್ಷ್ಮವಾದುದು. ಪ್ರಮಾಣಪತ್ರಕ್ಕೆ ರುಜು ಹಾಕುವುದು ಮಾತುಕತೆಯೆಲ್ಲ ಮುಗಿದ ಮೇಲೆ. ಬಿಲ್ಲೆ ಧರಿಸಬೇಕಾದುದು ಎದುರಾಳಿಯ ಕೋಪ ಕುದಿಯುವ ಗಳಿಗೆಯಲ್ಲಿ. ಜನ ಒಪ್ಪದ ವಿಷಯವನ್ನು ಹಿಡಿದು ನಿಂತ ಬಡಪಾಯಿ ಅಂಥ ಗಳಿಗೆಯಲ್ಲಿ ಹೆಸರು ತೋರಲು ಹೆದರಿಯಾನು. ಹೀಗೆ ಬಿಲ್ಲೆ ಬಿದ್ದುಹೋಯಿತು, ಪ್ರಮಾಣಪತ್ರ ಉಳಿಯಿತು. ಸಂಗ್ರಾಹಕನಿಗೆ ಹದಿನೆಂಟು ವರ್ಷ ತುಂಬಿರಬೇಕೆಂಬ ನಿಯಮವೂ ಬಾಧಿತವಾಗಲಿಲ್ಲ.

ಹಣ ಕೊಡಬಹುದೆಂದಾದ ಮೇಲೆ, ಹೇಗೆ ಕೊಡಬೇಕೆಂಬ ಪ್ರಶ್ನೆ ಮುಂದೆ ಬಂತು. ರುಜು ಒಂದಕ್ಕೆ ಇಷ್ಟೆಂದು ಕೊಟ್ಟರೆ ಸುಳ್ಳಿಗೆ ಆಮಿಷವಾಗುತ್ತದೆ, ಗಂಟೆಯ ಲೆಕ್ಕದಲ್ಲಿ ಕೊಡಲಿ ಎಂಬುದು ಒಂದು ಪಕ್ಷ. ಆರೆಗಾನಿನ ಮತದಾರರು 2002ರಲ್ಲಿ ಪ್ರಜೋಪಕ್ರಮದ ಮೂಲಕವೇ ರುಜುಲೆಕ್ಕದ ಕೂಲಿಯನ್ನು ನಿಷೇಧಿಸಿದರು. ಆರೆಗಾನಿನ ನಿಷೇಧವನ್ನೂ ಉತ್ತರ ಡಕೋಟದ ಅಂಥದೇ ನಿಷೇಧವನ್ನೂ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಎತ್ತಿಹಿಡಿದವು. ಓಹಿಯೋದ ನಿಷೇಧವನ್ನು 2008ರಲ್ಲಿ ಇನ್ನೊಂದು ನ್ಯಾಯಾಲಯ ತಳ್ಳಿಹಾಕಿತು. ಕ್ಯಾಲಿಫೋರ್ನಿಯದ ಶಾಸನಸಭೆ ಇಂಥ ಮಸೂದೆಯನ್ನು ಒಪ್ಪಿದಾಗ ಗವರ್ನರ್ ಜೆರ್ರಿ ಬ್ರೌನ್ 2011ರಲ್ಲಿ ಅಂಕಿತ ಹಾಕಲಿಲ್ಲ. ರುಜುಲೆಕ್ಕ ತಪ್ಪಿದರೆ ಖರ್ಚು ಏರುತ್ತದೆ, ಆಗ ಅತ್ಯಂತ ಸಿರಿವಂತರಿಗೆ ಮಾತ್ರ ಈ ಬಾಗಿಲು ತೆರೆದಿರುತ್ತದೆ ಎಂಬುದು ಅವರ ಕಾರಣ.

ಎರಡು ಕಡೆಯ ಅಪಾಯವನ್ನೂ ಈಚಿನ ಎರಡು ಪ್ರಸಂಗಗಳು ತೋರಿಸುತ್ತವೆ. ಮೊದಲನೆಯದು ಮಿಷಿಗನ್ ರಾಜ್ಯದ್ದು. ಅದು ಮಸೂದೆಯ ಅರ್ಜಿಯಲ್ಲ, ಚುನಾವಣೆಗೆ ನಿಲ್ಲುವವರ ನಾಮಪತ್ರ; ಆದರೆ ರುಜು ತರುವವರು ಅದೇ ವೃತ್ತಿಯವರು. 2022ರಲ್ಲಿ ಗವರ್ನರ್ ಪದವಿಗೆ ನಿಲ್ಲಬಯಸಿದ ರಿಪಬ್ಲಿಕನ್ ಪಕ್ಷದ ಹತ್ತು ಮಂದಿಯಲ್ಲಿ ಐವರ ನಾಮಪತ್ರಗಳು ಸಾಕಷ್ಟು ಸಾಧುವಾದ ರುಜುಗಳಿಲ್ಲದೆ ಬಿದ್ದುಹೋದವು. ಆ ವರ್ಷದ ನಾಮಪತ್ರಗಳಲ್ಲಿ 36 ಮಂದಿ ಸಂಗ್ರಾಹಕರು ಕಡಮೆಯೆಂದರೂ 68,000 ಅಸಾಧು ರುಜುಗಳನ್ನು ತಂದಿದ್ದರೆಂದು ಅಲ್ಲಿಯ ಚುನಾವಣಾ ಕಚೇರಿ ಹೇಳಿತು. ಮೇಜಿನ ಸುತ್ತ ಕುಳಿತು, ಹಾಳೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ಸರದಿಯಂತೆ ಒಬ್ಬೊಬ್ಬರು ಒಂದೊಂದು ಹೆಸರು ಬರೆದು ಬರಹಕ್ಕೆ ವೈವಿಧ್ಯ ತರುವ ಕುಯುಕ್ತಿಯ ಕುರುಹುಗಳು ಕಂಡುಬಂದವು. ಅಭ್ಯರ್ಥಿಗಳಿಗೆ ಇದು ತಿಳಿದಿತ್ತೆಂದು ನಂಬಲು ಕಾರಣವಿಲ್ಲವೆಂದೂ ಆ ಕಚೇರಿ ಹೇಳಿತು. ಮೋಸ ಮಾಡಿದವರು ಒಬ್ಬರು, ಪದವಿಯ ಅವಕಾಶ ಕಳೆದುಕೊಂಡವರು ಇನ್ನೊಬ್ಬರು.

ಎರಡನೆಯದು 2024ರಲ್ಲಿ ಆರ್ಕನ್ಸಾ ರಾಜ್ಯದಲ್ಲಿ ನಡೆದದ್ದು. ಗರ್ಭಪಾತದ ಹಕ್ಕನ್ನು ಕುರಿತ ತಿದ್ದುಪಡಿಯೊಂದಕ್ಕೆ 90,704 ರುಜುಗಳು ಬೇಕಾಗಿದ್ದವು. ಪ್ರಸ್ತಾವಕರು 1,01,525 ತಂದರು. ಅದರಲ್ಲಿ 87,382 ಸ್ವಯಂಸೇವಕರು ತಂದವು, 14,143 ಸಂಬಳದವರು ತಂದವು. ಸಂಬಳದವರಿಗೆ ತಕ್ಕ ತರಬೇತಿ ಕೊಟ್ಟಿದ್ದೇವೆಂಬ ದೃಢೀಕರಣವನ್ನು ಕ್ರಮವಾಗಿ ಸಲ್ಲಿಸಲಿಲ್ಲವೆಂದು ಅವರು ತಂದ ರುಜುಗಳನ್ನು ಎಣಿಕೆಗೆ ಹಿಡಿಯಲಿಲ್ಲ. 3,322 ಕೊರತೆಯಾಯಿತು. ರಾಜ್ಯದ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರು ಮತಗಳಿಂದ ಇದನ್ನು ಎತ್ತಿಹಿಡಿಯಿತು. ಆ ಪ್ರಸ್ತಾವದ ಪರವಾಗಿರಲಿ ವಿರುದ್ಧವಾಗಿರಲಿ, ಒಂದು ಮಾತನ್ನು ಎಲ್ಲರೂ ಗಮನಿಸಬೇಕು. ಆ ಹದಿನಾಲ್ಕು ಸಾವಿರವನ್ನು ಬಿಟ್ಟುದಕ್ಕೆ ಕೊಟ್ಟ ಕಾರಣ ಅವು ಕಳ್ಳ ರುಜುಗಳೆಂಬುದಲ್ಲ, ಒಂದು ಕಾಗದದ ಲೋಪ. ಮಿಷಿಗನ್ನಿನಲ್ಲಿ ಇಲ್ಲದ ಸಮ್ಮತಿ ಹಾಳೆಯ ಮೇಲೆ ಮೂಡಿತು. ಆರ್ಕನ್ಸಾದಲ್ಲಿ ಹಾಳೆಯ ಮೇಲಿದ್ದ ರುಜು ಲೆಕ್ಕಕ್ಕೆ ಬಾರದೆ ಹೋಯಿತು.

ಹೀಗೆ ನಿಯಮವಿಲ್ಲದಿದ್ದರೆ ಕಳ್ಳನು ಮತದಾರನ ಹೆಸರು ಕದಿಯುತ್ತಾನೆ. ನಿಯಮ ಅತಿಯಾದರೆ ಕಚೇರಿಯೇ ಅವನ ಹೆಸರನ್ನು ಅಳಿಸುತ್ತದೆ. ಎರಡರಲ್ಲಿಯೂ ನಷ್ಟ, ಬಿಸಿಲಿನಲ್ಲಿ ಒಂದು ಗಳಿಗೆ ನಿಂತು ಮನಸಾರೆ ರುಜು ಹಾಕಿದವನಿಗೆ. ಆದುದರಿಂದ ಸಂಗ್ರಾಹಕನು ಕೂಲಿ ಪಡೆದನೇ ಎಂದು ಕೇಳುವುದಕ್ಕಿಂತ, ಅವನು ಮಾಡಿದ ಪ್ರಮಾಣಕ್ಕೆ ಅವನೇ ಉತ್ತರವಾದಿಯಾಗುವಂತೆ ಮಾಡಲಾಗಿದೆಯೇ ಎಂದು ಕೇಳುವುದು ಮೇಲು. ಆರೆಗಾನ್ ರಾಜ್ಯ 2007ರ ಶಾಸನದಿಂದ ಸಂಬಳದ ಸಂಗ್ರಾಹಕರಿಗೆ ನೋಂದಣಿಯನ್ನೂ ತರಬೇತಿಯನ್ನೂ ವಿಧಿಸಿತು. ಹಿಂದಿನ ಐದು ವರ್ಷಗಳಲ್ಲಿ ಮೋಸ, ಕಳ್ಳ ರುಜು ಮೊದಲಾದುವಕ್ಕೆ ಶಿಕ್ಷೆಯಾದವರನ್ನು ದೂರವಿಟ್ಟಿತು. ಸಾಕ್ಷಿಯ ಯೋಗ್ಯತೆಯನ್ನು ನೋಡುವ ದಾರಿ ಇದು. ಆದರೆ ಸಂಗ್ರಾಹಕನ ಅಥವಾ ಅವನನ್ನು ಕಳುಹಿಸಿದವನ ತಪ್ಪಿಗೆ ದಂಡ ತೆರಬೇಕಾದವರು ಅವರೇ. ನಿಜವಾಗಿ ರುಜು ಹಾಕಿದವರಲ್ಲ. ಈ ವಿವೇಕ ಅಲ್ಲಿಯ ಕಾನೂನುಗಳಲ್ಲಿ ಇನ್ನೂ ಪೂರ್ತಿಯಾಗಿ ನೆಲೆಗೊಂಡಿಲ್ಲ.

ಕ್ಯಾಲಿಫೋರ್ನಿಯದ ಅರ್ಜಿಯ ಮೇಲೆ ಒಂದು ಸೂಚನೆ ಅಚ್ಚಾಗಿರಬೇಕೆಂದು ಕಾನೂನಿದೆ. ಕಾಗದ ಹಿಡಿದು ಬಂದವನು ಸಂಬಳದವನಾಗಿರಬಹುದು, ಸ್ವಯಂಸೇವಕನಾಗಿರಬಹುದು; ಅದನ್ನು ಕೇಳುವ ಹಕ್ಕು ನಿಮಗಿದೆ ಎಂದು ಅದರ ತಾತ್ಪರ್ಯ. ಕೇಳಿದವನಿಗೆ ಉತ್ತರ ಸಿಗುತ್ತದೆ. ಕೇಳದೆ ರುಜು ಹಾಕುವವನನ್ನು ಯಾವ ಶಾಸನವೂ ಪೂರ್ತಿ ಕಾಯಲಾರದು.